ಹರಿಗೋಲಿನ ನೆರಳಿಗೆ ಬಂದ ಮರಿಗಳು

ಗುಮ್ಮಘಟ್ಟದ ಆಚೆಗಿರುವ ಬಿಳಿಗುಂಡಿನ ಕೆರೆಯಲ್ಲಿ ನೀರಿಗೆ ಕೊರತೆಯಿರಲಿಲ್ಲ. ಆದರೂ ಬಲೆ ಹಗುರವಾಗಿಯೇ ಮೇಲೆ ಬರುತ್ತಿತ್ತು. ಮೀನುಗಾರರ ಸೊಸೈಟಿಯವರು ವರ್ಷವರ್ಷ ಬಿತ್ತುವ ಕಟ್ಲಾ, ರೋಹು ಸಿಗುತ್ತಿದ್ದವು. ಯಾರೂ ಬಿತ್ತದೆ ತಾನೇ ಬೆಳೆಯುವ ಕೊರಮೀನು ಸಿಗುತ್ತಿರಲಿಲ್ಲ.

ಬೆಸ್ತರ ಎರ್ರಪ್ಪನಿಗೆ ಇದು ಕಿವಿಯಿಂದಲೇ ತಿಳಿದಿತ್ತು. ಕೊರಮೀನು ಉಸಿರಿಗಾಗಿ ನೀರಿನ ಮೇಲಕ್ಕೆ ಬಂದು, ಗುಳುಕ್ಕೆಂದು ಗಾಳಿ ನುಂಗಿ, ಕೆಳಗಿಳಿಯುತ್ತದೆ. ಅವನ ತಂದೆಯ ಕಾಲದಲ್ಲಿ, ಗಾಳಿ ನಿಂತ ಮಧ್ಯಾಹ್ನ ಏರಿಯ ಮೇಲೆ ಕುಳಿತವನು ಒಂದು ಬೀಡಿ ಮುಗಿಯುವುದರೊಳಗೆ ನಲವತ್ತು ಗುಳುಕು ಎಣಿಸಬಹುದಿತ್ತು. ಈ ವರ್ಷ ಎರ್ರಪ್ಪ ಮೂರು ಬೀಡಿ ಸೇದಿದ, ಎರಡು ಎಣಿಸಿದ. ಉಳಿದ ಹೊತ್ತೆಲ್ಲ ಅಷ್ಟಗಲದ ನೀರು ಬಾಯಿ ಮುಚ್ಚಿಕೊಂಡು ತನ್ನನ್ನೇ ನೋಡುತ್ತಿದೆ ಎನಿಸಿ, ಎದ್ದು ಮನೆಗೆ ಬಂದ.

ಕೊರಮೀನು ಹೊಡೆಯುವುದರಲ್ಲಿ ಎರ್ರಪ್ಪನದು ಎತ್ತಿದ ಕೈ. ಮಳೆಗಾಲದ ಮೊದಲಲ್ಲಿ ಅದು ಮರಿ ಮಾಡುತ್ತದೆ. ಸಣ್ಣ ಕೆಂಪು ಮರಿಗಳು ನೂರಾರು ಒಂದೇ ಗುಂಪಾಗಿ ತೇಲಿದಾಗ, ನೀರಿನ ಮೇಲೆ ಮೊರದಗಲ ಕುಂಕುಮ ಚೆಲ್ಲಿದಂತೆ ಕಾಣುತ್ತದೆ. 'ಕೆಂಪು ಎದ್ದೈತಿ' ಎನ್ನುತ್ತಾರೆ. ಅದರ ಕೆಳಗೆ ಹೆತ್ತ ಮೀನು ಕಾವಲಿರುತ್ತದೆ. ಮರಿಗಳನ್ನು ಬಿಟ್ಟು ಅದು ಓಡುವುದಿಲ್ಲ. ಕೆಂಪಿನ ನಡುವಿಗೆ ಮೂರು ಮುಳ್ಳಿನ ಈಟಿ ಇಳಿಸಿದರೆ ಮುಗಿಯಿತು. ಓಡದ ಮೀನನ್ನು ಹೊಡೆಯುವುದನ್ನು ಆ ಊರು ತಲೆಮಾರುಗಳಿಂದ ಜಾಣತನವೆಂದು ಕರೆದಿತ್ತು.

ಆ ಸಲ ಎರ್ರಪ್ಪನ ಮಗಳು, ಅಂಗನವಾಡಿ ಟೀಚರು ಮಂಜುಳ, ಮಡಕಶಿರದಿಂದ ಹೆರಿಗೆಗೆ ತವರಿಗೆ ಬಂದು ಗಂಡುಮಗು ಹೆತ್ತಿದ್ದಳು. ಬಾಣಂತಿಗೆ ಕೊರಮೀನಿನ ಸಾರು ಬೇಕೆಂಬುದು ಬೆಸ್ತರ ಮನೆಯ ರೂಢಿ. ಕೆರೆಯಲ್ಲಿ ಎರಡು ಕಡೆ ಕೆಂಪು ಎದ್ದಿತ್ತು. ಕೆರೆಗೆ ಹೆಸರು ಕೊಟ್ಟ ಬಿಳಿ ಬಂಡೆ, ಆ ಬಿಳಿಗುಂಡಿನ ಬಳಿ ಎದ್ದ ಕೆಂಪಿಗೆ ಎರ್ರಪ್ಪ ಈಟಿ ಹಾಕಿದ. ಎರಡು ಕಿಲೋ ತೂಗುವ ಮೀನು ಬಂತು. ಮನೆಯವರು ಉಂಡರು.

ಮರುದಿನ ಮಧ್ಯಾಹ್ನ ಅವನು ಹರಿಗೋಲು ಇಳಿಸಿದಾಗ, ಆ ಕೆಂಪು ತಾನಾಗಿ ಬಂದು ಹರಿಗೋಲಿನ ನೆರಳೊಳಗೆ ಸೇರಿಕೊಂಡಿತು.

ಎರ್ರಪ್ಪ ಹುಟ್ಟು ಹಾಕಿ ಮುಂದೆ ಹೋದ. ಅದೂ ಬಂತು. ನಿಲ್ಲಿಸಿದ. ಅದೂ ನಿಂತಿತು. ಆ ಮರುದಿನವೂ ಬಂತು. ಆದರೆ ಮೊರದಷ್ಟಿದ್ದದ್ದು ಗಂಗಾಳದಷ್ಟಾಗಿತ್ತು. ಕೆಳಗಿನ ಕತ್ತಲೆಯಿಂದ ಏನೋ ಬಂದು ಅಂಚಿನಲ್ಲಿ ಒಂದು ತುತ್ತು ಕಿತ್ತುಕೊಂಡು ಹೋಗುತ್ತಿತ್ತು. ಸದ್ದಿಲ್ಲ, ಅಲೆಯಿಲ್ಲ. ಒಂದು ವಾರದಲ್ಲಿ ಅದು ಅಂಗೈಯಷ್ಟಾಯಿತು. ಎರ್ರಪ್ಪ ಊಟ ಕಡಿಮೆ ಮಾಡಿದ.

"ಗಂಗಮ್ಮ ನಿನ್ನ ಬೆನ್ನು ಹತ್ಯಾಳ," ಎಂದಳು ಹೆಂಡತಿ ದುರುಗಕ್ಕ. "ಒಂದು ಕೋಳಿ ಕೊಯ್ದು ಕೈ ಮುಗಿ. ಆಮ್ಯಾಗ ಆ ಜಂಬುಹುಲ್ಲಿನ ಮೂಲ್ಯಾಗಿನ ಕೆಂಪು ನೋಡು. ಹುಡುಗಿಗೆ ಇನ್ನೊಂದು ಸಲ ಸಾರು ಆಗ್ಬೇಕು."

ಆ ಹೊತ್ತಿಗೆ ಅಂಗಳಕ್ಕೆ ಬಂದವಳು ಗ್ರಾಮ ಸಚಿವಾಲಯದ ಮೀನುಗಾರಿಕೆ ಸಹಾಯಕಿ ವಿದ್ಯಾಶ್ರೀ. ಮಳೆಗಾಲದ ಎರಡು ತಿಂಗಳು ಕೆರೆಯಲ್ಲಿ ಮೀನು ಹಿಡಿಯಬಾರದೆಂದು ಹೇಳಲು ಅವಳು ಮನೆಮನೆ ತಿರುಗುತ್ತಿದ್ದಳು.

"ಬರ್ರಿ ಮೇಡಮ್ಮ," ಎಂದ ಎರ್ರಪ್ಪ. "ಮೀನಿಗೂ ಹೆರಿಗಿ ರಜಾ ಕೊಟ್ಟೀರಂತಲ್ಲ. ಸಂಬಳನೂ ಐತೇನ್ರಿ ಅವಕ್ಕ?"

"ಎರಡೇ ತಿಂಗಳು ರಜಾ, ಎರ್ರಪ್ಪಣ್ಣ. ಅಂಗನವಾಡಿ ಟೀಚರು ಅಂತ ನಿಮ್ಮ ಮಂಜುಳಕ್ಕಗ ಅದಕ್ಕಿಂತ ಹೆಚ್ಚಿಗಿ ಕೊಟ್ಟಾರ," ಎಂದು ಅವಳು ಕಟ್ಟೆಯ ಮೇಲೆ ಕುಳಿತಳು.

ಒಳಗಿನಿಂದ ಮಂಜುಳ ನಕ್ಕದ್ದು ಕೇಳಿಸಿತು.

"ಕಟ್ಲಾ ಮರಿ ಬಿಡ್ತೀರಿ, ಹಿಡೀತೀವಿ. ಮತ್ತ ಬಿಡ್ತೀರಿ. ಕೊರಮೀನಿಂದೇನು ಅಷ್ಟು ದೊಡ್ಡಸ್ತನ?" ಎಂದ ಎರ್ರಪ್ಪ.

"ಕಟ್ಲಾ ಒಂದು ವರ್ಷಕ್ಕ ಕಿಲೋ ಆಗ್ತೈತಿ. ನಮ್ಮ ಕೆರ್‍ಯಾಗ ಕೊರಮೀನು ಕಿಲೋ ಆಗಾಕ ಎಷ್ಟು ವರ್ಷ ಬೇಕು, ನೀವ ಹೇಳ್ರಿ."

"ಮೂರು."

"ಅದಕ್ಕ ಮರಿ ಯಾರು ಬಿಡ್ತಾರ?"

"ಯಾರೂ ಬಿಡಂಗಿಲ್ಲ."

"ಈ ಸಲ ಕೆಂಪು ಎಷ್ಟು ಎದ್ದಿದ್ದುವು?"

"ಎರಡು."

"ಒಂದರ ಕಾವಲು ತಗದ್ರಿ. ಎಷ್ಟು ಉಳೀತು?"

ಎರ್ರಪ್ಪ ಎರಡು ಬೆರಳಲ್ಲಿ ಒಂದನ್ನು ಮಡಚಿದ. ಈ ಲೆಕ್ಕಕ್ಕೆ ಶಾಲೆ ಬೇಕಿರಲಿಲ್ಲ.

"ಅದೂ ಹೋದ್ರ ಈ ವರ್ಷದ ಮರಿ ಸೊನ್ನೆ," ಎಂದಳು ವಿದ್ಯಾಶ್ರೀ. "ಸೊನ್ನೆಯಿಂದ ಮೂರು ವರ್ಷಕ್ಕ ಬರೋದೂ ಸೊನ್ನೆ. ನಿಮ್ಮ ಮೊಮ್ಮಗ ಓಡಾಡೋ ಹೊತ್ತಿಗೆ, ಕೊರಮೀನು ಹಿಂಗಿತ್ತು ಅಂತ ಕೈಯಾಗ ಅಳತಿ ತೋರಿಸ್ಬೇಕಾಗ್ತೈತಿ."

ದುರುಗಕ್ಕ ನಡುವೆ ಬಂದಳು. "ಅದೆಲ್ಲ ಇರ್ಲಿ ತಾಯಿ. ಆ ಕೆಂಪು ಇವರ ಹಿಂದಿಂದ ಯಾಕ ತಿರಗ್ತೈತಿ, ಅದನ್ನ ಹೇಳು."

"ಕೋಪ ಇಲ್ಲ, ಏನಿಲ್ಲ ದುರುಗಕ್ಕ. ಕಾಯೋರಿಲ್ಲದ ಮರಿ, ನೆರಳು ಸಿಕ್ಕಲ್ಲಿ ಸೇರ್ತಾವ. ಅವುಕ್ಕ ಈಗ ಇವರ ಹರಿಗೋಲ ಹೆತ್ತದ್ದು." ಅವಳು ಎದ್ದು ನಿಂತಳು. "ಕಾಯೋದು ತಾಯಿ ಒಂದ ಅಲ್ಲ. ಒಂದೊಂದು ಸಲ ತಂದಿನ ಕಾಯ್ತೈತಿ. ನೀವು ಹೊಡದದ್ದು ಯಾವುದೋ, ಯಾರಿಗೆ ಗೊತ್ತು."

ಗಂಗಮ್ಮನ ಕೋಪವಾಗಿದ್ದರೆ ಒಂದು ಕೋಳಿಯಲ್ಲಿ ತೀರುತ್ತಿತ್ತು. ಇದು ಹೇಗೆ ತೀರಬೇಕೆಂಬುದು ಎರ್ರಪ್ಪನಿಗೆ ತಿಳಿಯಲಿಲ್ಲ.

ಆದರೂ ಮರುದಿನ ಅವನು ಈಟಿ ತೆಗೆದುಕೊಂಡೇ ಹೋದ. ಬರಿದೆ ನೋಡಿ ಬರುತ್ತೇನೆಂದು ತನಗೆ ತಾನೇ ಹೇಳಿಕೊಂಡ. ಗಾಳಿ ಸತ್ತಿತ್ತು. ಅನಾಥ ಮರಿಗಳು ಬಂದು ನೆರಳು ಹಿಡಿದವು. ಈಗ ಎಣಿಸಬಹುದಾಗಿತ್ತು: ಹದಿನೇಳು.

ಜಂಬಿನ ಮೂಲೆಯಲ್ಲಿ ಎರಡನೆಯ ಕೆಂಪು ಇತ್ತು. ಅದು ಇಡಿಯಾಗಿ ಮೇಲೇಳುತ್ತ, ಇಡಿಯಾಗಿ ಕೆಳಗಿಳಿಯುತ್ತ, ಒಂದೇ ಎದೆ ಉಸಿರಾಡಿದಂತೆ ಕಾಣುತ್ತಿತ್ತು. ಅದರಡಿಯಲ್ಲಿ ಕಪ್ಪು ಬೆನ್ನು. ಎರ್ರಪ್ಪ ಈಟಿ ಎತ್ತಿದ. ನೆರಳು ಮೇಲೆ ಬಿದ್ದಾಗ ಮೀನು ತಲೆ ಅವನತ್ತ ತಿರುಗಿಸಿತು. ಸರಿಯಲಿಲ್ಲ.

ಎತ್ತಿದ ಕೈ ಹಾಗೆಯೇ ಇರುವಾಗ ಅವನ ಕಣ್ಣು ಹರಿಗೋಲಿನ ಬುಡಕ್ಕೆ ಹೋಯಿತು. ಕೆಳಗಿನಿಂದ ಏನೋ ಬಂತು. ಹದಿನಾರು. ಮತ್ತೆ ಬಂತು. ಹದಿನಾಲ್ಕು. ಮರಿಗಳು ಓಡಲಿಲ್ಲ; ನೆರಳಿಗೆ ಇನ್ನಷ್ಟು ಅಂಟಿಕೊಂಡವು. ಕಾಯುತ್ತದೆಂದು ಅವು ನಂಬಿದ ನೆರಳು ಈಟಿ ಹಿಡಿದು ಸುಮ್ಮನೆ ನಿಂತಿತ್ತು. ಹನ್ನೊಂದು. ಒಂಬತ್ತು.

ಕತ್ತಲೆಯಿಂದ ಬಂದು ತಿನ್ನುತ್ತಿದ್ದ ಅದೇ ಜೀವಿ ಆಮೇಲೆ ಜಂಬಿನ ಕಡೆಗೂ ಸರಿಯಿತು. ಕಪ್ಪು ಬೆನ್ನು ಒಮ್ಮೆ ಹೊರಳಿತು. ನೀರು ಪಟ್ಟೆಂದು ಒಡೆದು, ಕದಡಿ, ತಿಳಿಯಾಯಿತು. ಕೆಂಪು ಮೊದಲಿನಷ್ಟೇ ಇತ್ತು. ಒಂದು ಅಂಚೂ ಹರಿದಿರಲಿಲ್ಲ.

ಎರ್ರಪ್ಪ ಈಟಿ ಇಳಿಸಿದ. ಹುಟ್ಟಿನ ಸದ್ದಾಗದಂತೆ ಹಿಂದಕ್ಕೆ ಬಂದ. ಒಂಬತ್ತು ಮರಿಗಳು ದಡದವರೆಗೂ ಬಂದವು. ಮರುದಿನ ಅವನು ಹರಿಗೋಲು ಇಳಿಸಿ ಬಹಳ ಹೊತ್ತು ಕಾದ. ನೆರಳು ಬರಿದಾಗಿತ್ತು.

"ಇವತ್ತೂ ಬರಿಗೈ. ಮೀನು ಎಲ್ಲಿ?" ಎಂದಳು ದುರುಗಕ್ಕ.

"ಹೊಡೀಲಿಲ್ಲ. ಕಾಯಾಕ್ಹತ್ತಿತ್ತು."

ದುರುಗಕ್ಕ ಮಾತಿಗೆ ಬಾಯಿ ತೆರೆಯುವುದರೊಳಗೆ ಮಂಜುಳ ಹೇಳಿದಳು: "ಅವ್ವಾ, ನಾ ಎಷ್ಟು ಬಾಣಂತೇರಿಗೆ ಹೇಳೀನಿ. ಮೊಟ್ಟಿ, ಬ್ಯಾಳಿ, ನುಗ್ಗಿಸೊಪ್ಪು ತಿಂದ್ರ ಸಾಕು. ಅದ ಮೀನ ಆಗ್ಬೇಕಂತ ಎಲ್ಲೂ ಇಲ್ಲ. ನನ್ನ ಮಗ ಮೂರು ವರ್ಷದ ಮ್ಯಾಲ ತಿನ್ಲಿ."

ದುರುಗಕ್ಕ ಮಗಳನ್ನೂ ಗಂಡನನ್ನೂ ಒಂದು ಸಲ ನೋಡಿದಳು. "ಇಬ್ರೂ ಒಂದಾದ್ರಿ. ಅಂಗಾರ ನುಗ್ಗಿಮರ ಹತ್ತೋರು ಯಾರು? ನಾನೇನು?" ಎಂದು ಬುಟ್ಟಿಯನ್ನು ಅವನ ಕೈಗೆ ಕೊಟ್ಟಳು.

ಆ ಭಾನುವಾರ ಸೊಸೈಟಿಯ ಸಭೆಯಲ್ಲಿ ಎರ್ರಪ್ಪ ಎಲ್ಲರಿಗಿಂತ ಮೊದಲು ಎದ್ದು ನಿಂತ. "ಬಿಳಿಗುಂಡಿನ ಕೆಂಪು ನಾ ಕೆಡಿಸೀನಿ. ಹೆಸರು ಹಾಕಿ ಬರ್ಕೊಳ್ರಿ. ಜಂಬಿನ ಮೂಲೀಗೆ ಯಾರ ಹರಿಗೋಲೂ ಬರಬಾರ್ದು, ನಂದೂ ಸೇರಿ," ಎಂದ. ಯಾರೂ ನಗಲಿಲ್ಲ. ಮಳೆಗಾಲದಲ್ಲಿ ಎರಡು ತಿಂಗಳು ಬೇಟೆ ನಿಲ್ಲಿಸುವುದೆಂದೂ, ಕೆಂಪು ಕಂಡಲ್ಲಿ ಈಟಿ ಹಾಕಬಾರದೆಂದೂ, ಮೊಳಕ್ಕಿಂತ ಚಿಕ್ಕ ಕೊರಮೀನು ಬಲೆಗೆ ಬಿದ್ದರೆ ಜೀವಂತವಾಗಿ ಬಿಡಬೇಕೆಂದೂ, ಸಣ್ಣ ಕಣ್ಣಿನ ಬಲೆ, ಕರೆಂಟು, ಬ್ಲೀಚಿಂಗ್ ಪುಡಿ ಕೆರೆಗೆ ಇಳಿಯಕೂಡದೆಂದೂ ಸಭೆ ಬರೆದು ಸಹಿ ಹಾಕಿತು.

ದಸರೆಯ ಹೊತ್ತಿಗೆ ಜಂಬಿನ ಮೂಲೆಯ ಕೆಂಪು ಕಾಣದಾಯಿತು. ಮರಿಗಳು ಬೆರಳುದ್ದವಾಗಿ, ಕಪ್ಪು ಬಣ್ಣಕ್ಕೆ ತಿರುಗಿ, ಕೆರೆಯ ತುಂಬ ಹರಡಿಕೊಂಡಿದ್ದವು.

ಓದುವವರೇ, ಕೇಳುವವರೇ. ನಿಮ್ಮ ಊರ ಕೆರೆಯಲ್ಲಿ ಎಷ್ಟು ಕಡೆ ಕೆಂಪು ಏಳುತ್ತದೆಂದು ಈ ಮಳೆಗಾಲ ಏರಿಯ ಮೇಲೆ ನಿಂತು ಎಣಿಸಿರಿ. ಹತ್ತಾದರೂ ಮುಟ್ಟಬೇಡಿರಿ, ಒಂದಾದರೂ ಮುಟ್ಟಬೇಡಿರಿ. ಬೇಟೆ ನಿಲ್ಲಿಸುವ ದಿನಗಳು ಯಾವುವೆಂದು ನಿಮ್ಮ ಸೊಸೈಟಿಯಲ್ಲಿ ಕೇಳಿ ತಿಳಿದು, ಪಾಲಿಸಿರಿ. ಪಾಲಿಸದವನು ನಿಮ್ಮ ಅಣ್ಣನೇ ಆದರೂ ತಡೆಯಿರಿ. ನಿಧಾನವಾಗಿ ಬೆಳೆಯುವುದನ್ನು ಅವಸರದಲ್ಲಿ ಕಳೆಯುತ್ತ ಹೋದರೆ ಶೇಷ ಉಳಿಯುವುದಿಲ್ಲ. ಕೂಡುವ ಕೆಲಸ ಮೀನಿನದು. ಕಳೆಯದಿರುವ ಕೆಲಸ ನಿಮ್ಮದು.