ಡಿಸ್ಕ್ ತುಂಬಿದ ಮಧ್ಯಾಹ್ನ

ಕಚೇರಿಯಲ್ಲಿ ಅವಳನ್ನು ಎಲ್ಲರೂ ‘ಜರಡಿ’ ಎಂದೇ ಕರೆಯುತ್ತಿದ್ದರು. ರೋಗಿಗಳಿಗೆ ಹನಿಹನಿಯಾಗಿ ಔಷಧಿ ಹರಿಸುವ ಪಂಪಿನ ಸಾಫ್ಟ್‌ವೇರನ್ನು ಪರೀಕ್ಷಿಸುವುದು ಅವಳ ಕೆಲಸ. ಇವಳ ಕಣ್ಣು ತಪ್ಪಿಸಿ ಏನೂ ಆಚೆ ಹೋಗುವುದಿಲ್ಲವೆಂಬ ಮೆಚ್ಚುಗೆ, ಇವಳ ಕಾಟ ತಪ್ಪಿದ್ದಲ್ಲವೆಂಬ ಗೊಣಗಾಟ, ಎರಡೂ ಸೇರಿ ಹುಟ್ಟಿದ ಹೆಸರು ಅದು.

ಅಂದು ಅವಳು ಬೇಗ ಹೊರಡಬೇಕಿತ್ತು. ತಂಗಿ ಮನೆಯವರನ್ನೆಲ್ಲ ಎದುರು ಹಾಕಿಕೊಂಡು ಮದುವೆಯಾಗುತ್ತಿದ್ದಳು. ನೋಂದಣಿ ಕಚೇರಿ ಬಾಗಿಲು ಹಾಕುವುದರೊಳಗೆ ಹೋಗಿ ಸಾಕ್ಷಿಯ ರುಜು ಹಾಕಲು ತವರಿನ ಕಡೆಯಿಂದ ಅಕ್ಕನಾದ ಇವಳೊಬ್ಬಳೇ ಇದ್ದದ್ದು.

ಪರೀಕ್ಷೆಗಳೋ ಮುಗಿಯಲೊಲ್ಲವು. ಅರ್ಧಕ್ಕೆ ಬರುವಷ್ಟರಲ್ಲಿ ಪರದೆಯ ಮೇಲೆ ಕೆಂಪು ಸಾಲು: ಡಿಸ್ಕ್‌ನಲ್ಲಿ ಜಾಗವಿಲ್ಲ. ಬೇಡದ ಹಳೆಯ ಫೈಲುಗಳನ್ನೆಲ್ಲ ಗುಡಿಸಿ ಹಾಕಿ ಪರೀಕ್ಷೆಯನ್ನು ಮತ್ತೆ ಓಡಿಸಿದಳು. ಮತ್ತೆ ಅದೇ ಕೆಂಪು. ಕಿಟಕಿಯೇ ಇಲ್ಲದ ಆ ಕೋಣೆಯಲ್ಲಿ ಯಂತ್ರಗಳ ಬಿಸಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ಮೇಜಿನ ಮೇಲೆ ಫೋನು ಗುಂಯ್‌ಗುಟ್ಟುತ್ತಲೇ ಇತ್ತು.

“ಅಕ್ಕಾ, ಹೊರಟ್ಯಾ?”

“ಇನ್ನೇನು ಹೊರಟೆ ಕಣೇ.”

ತಂಡದ ಮುಖ್ಯಸ್ಥ ಬಾಗಿಲಲ್ಲಿ ತಲೆ ಹಾಕಿದ. “ಏನಮ್ಮಾ, ಇನ್ನೂ ಆಗ್ಲಿಲ್ವಾ? ಹೊಸ ಸಾಫ್ಟ್‌ವೇರ್ ಬೇಕು ಅಂತ ಆಸ್ಪತ್ರೆಯವರು ಪ್ರಾಣ ತಿಂತಿದ್ದಾರೆ.”

“ಡಿಸ್ಕ್ ತುಂಬಿ ತುಂಬಿ ನಿಲ್ತಿದೆ ಸಾರ್.”

“ಅದು ಈ ಕಂಪ್ಯೂಟರಿನ ಹಣೆಬರಹ. ನಮ್ಮ ಸಾಫ್ಟ್‌ವೇರಿಗೂ ಅದಕ್ಕೂ ಏನು ಸಂಬಂಧ? ಅದೊಂದು ಪರೀಕ್ಷೆ ಬಿಡಿ, ಪಾಸ್ ಅಂತ ಹಾಕಿ ಹೊರಡಿ. ತಂಗಿ ಮದುವೆ ಅಂದ್ರಲ್ಲ?”

ಅವನು ಹೋದ. ಎದ್ದು ಹೋಗಲು ಅಡ್ಡಿಯಿದ್ದದ್ದು ‘ಪಾಸ್’ ಎಂಬ ಒಂದೇ ಗುಂಡಿ. ಒತ್ತಿದರೆ ಬಿಡುಗಡೆ. ಬೆರಳು ಅದರ ಮೇಲೆ ಇಟ್ಟಳು ಕೂಡ. ಆದರೆ ಡಿಸ್ಕ್ ಪ್ರತಿಸಲವೂ ಅದೇ ಪರೀಕ್ಷೆಯಲ್ಲೇ ಯಾಕೆ ತುಂಬಬೇಕು?

ಈ ಸಲ ಗುಡಿಸಿ, ಓಡಿಸಿ, ಯಾವ ಫೈಲು ಬೆಳೆಯುತ್ತದೆಂದು ಕಣ್ಣು ಮಿಟುಕಿಸದೆ ನೋಡುತ್ತ ಕೂತಳು. ಔಷಧಿ ಹರಿಯುವ ನಳಿಕೆ ಕಟ್ಟಿಕೊಂಡಾಗ ಪಂಪು ಏನು ಮಾಡುತ್ತದೆಂದು ನೋಡುವ ಪರೀಕ್ಷೆ ಅದು. ‘ನಳಿಕೆ ಕಟ್ಟಿದೆ, ನಳಿಕೆ ಕಟ್ಟಿದೆ’ ಎಂಬ ಒಂದೇ ಸಾಲನ್ನು ಸಾಫ್ಟ್‌ವೇರು ಹುಚ್ಚು ಹಿಡಿದಂತೆ ಬರೆದುಕೊಳ್ಳುತ್ತಲೇ ಇತ್ತು. ಡಿಸ್ಕನ್ನು ತುಂಬುತ್ತಿದ್ದದ್ದು ಅದೇ. ನಿಜವಾದ ಪಂಪಿನೊಳಗೆ ಇರುವ ಜಾಗ ಇದರ ಮುಂದೆ ಅಂಗೈಯಷ್ಟು; ಅದು ತುಂಬಿದರೆ?

ಕಪಾಟಿನಿಂದ ಪಂಪೊಂದನ್ನು ತಂದು ಹೊಸ ಸಾಫ್ಟ್‌ವೇರು ತುಂಬಿ, ನಳಿಕೆಗೆ ಕ್ಲಿಪ್ ಹಾಕಿ ಮುಖ್ಯಸ್ಥನನ್ನು ಕರೆದಳು. ಪಂಪು ಜೋರಾಗಿ ಕೂಗಿಕೊಂಡಿತು. ಇಬ್ಬರೂ ಕಾದರು. ಕೂಗು ಇದ್ದಕ್ಕಿದ್ದಂತೆ ನಿಂತಿತು. ಹಸಿರು ದೀಪ ಮಾತ್ರ ಎಲ್ಲ ಸರಿಯಿದೆ ಎಂಬಂತೆ ಉರಿಯುತ್ತಿತ್ತು. ಮುಖ್ಯಸ್ಥ ಗುಂಡಿಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಪಂಪು ಮಿಸುಕಲಿಲ್ಲ.

“ಮಲಗಿರೋ ರೋಗಿಗೆ ಔಷಧಿ ಹೋಗ್ತಿಲ್ಲ ಅಂತ ಯಾರಿಗೂ ಗೊತ್ತಾಗಲ್ಲ ಸಾರ್.”

ಅವನು ಕುರ್ಚಿಯಲ್ಲಿ ಕುಸಿದು ಮುಖ ಉಜ್ಜಿಕೊಂಡ. “ಇವತ್ತೇ ಕೊಡ್ತೀನಿ ಅಂತ ಬಾಯಿಬಿಟ್ಟು ಹೇಳಿದ್ದೀನಲ್ಲಮ್ಮಾ. ಈಗ ಯಾವ ಮುಖ ಇಟ್ಕೊಂಡು ಮಾತಾಡ್ಲಿ?” ಫೋನು ಕೈಗೆತ್ತಿಕೊಂಡು, “ಆಸ್ಪತ್ರೆಯವರಿಗೆ ಕರೆ ಮಾಡ್ತೀನಿ, ನೀವೂ ಜೊತೆಗೆ ಕೂತ್ಕೊಳ್ಳಿ. ಅವರು ಕೇಳೋದಕ್ಕೆಲ್ಲ ಉತ್ತರ ನಿಮ್ಮ ಹತ್ರಾನೇ ಇರೋದು,” ಎಂದ.

“ಸಾರ್, ನನ್ನ ತಂಗಿ...”

“ನೀವು ಈಗ ಬಿಟ್ಟು ಹೋದ್ರೆ ಅವರು ನನ್ನ ಮಾತು ನಂಬಲ್ಲ. ಇದನ್ನೇ ಕೊಡಿ, ಬಳಸ್ತೀವಿ ಅಂತಾರೆ.”

ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಆಸ್ಪತ್ರೆಯ ವೈದ್ಯರು ಕರೆಯಲ್ಲಿ ಸೇರಿ, ಮೊದಲು ರೇಗಿದರು. ಆಮೇಲೆ ಕೆದಕಿ ಕೆದಕಿ ಕೇಳಿದರು. ಅವಳು ಹೇಳುತ್ತ ಹೋದಳು. ಗೋಡೆಯ ಗಡಿಯಾರದ ಕಡೆ ಕಣ್ಣು ಹಾಯಿಸುವುದನ್ನೇ ನಿಲ್ಲಿಸಿಬಿಟ್ಟಿದ್ದಳು. ನಡುವೆ ಫೋನು ಬೆಳಗಿದಾಗ ಕ್ಷಮೆ ಕೇಳಿ ಮೂಲೆಗೆ ಹೋದಳು.

“ಮದುವೆ ಆಯ್ತು ಕಣಕ್ಕಾ,” ತಂಗಿಯ ದನಿ ಒಣಗಿತ್ತು. “ಬಾಗಿಲು ಹಾಕ್ತೀವಿ ಅಂದ್ರು. ನಮ್ಮ ಕಾರಿನ ಡ್ರೈವರ್ ಕೈಲಿ ರುಜು ಹಾಕಿಸಿದ್ವಿ.”

“ನನ್ನ ಮೇಲೆ ಕೋಪಾನಾ?”

“ಗೊತ್ತಿಲ್ಲ. ಈಗ ಏನೂ ಕೇಳ್ಬೇಡ.”

ಆ ಕಡೆ ಯಾರೋ ನಗುತ್ತಿದ್ದರು. ಕರೆ ಕಡಿದುಹೋಯಿತು. ಅವಳು ಗೋಡೆಗೆ ಹಣೆ ಒತ್ತಿ ಒಂದು ಗಳಿಗೆ ನಿಂತಳು. ಹಿಂದಿನಿಂದ ಮುಖ್ಯಸ್ಥ ಮೆಲ್ಲಗೆ ಕರೆದ: “ಡಾಕ್ಟ್ರು ಕೇಳ್ತಿದ್ದಾರಮ್ಮಾ, ವಾರ್ಡಿನಲ್ಲಿರೋ ಹಳೇ ಪಂಪುಗಳೂ ಹೀಗೇ ಮಾಡ್ತಾವಾ ಅಂತ.”

ಅದನ್ನು ಅವಳು ಇನ್ನೂ ನೋಡಿರಲಿಲ್ಲ. ಬಾಗಿಲು ಮುಚ್ಚಿ, ಹಳೆಯ ಪಂಪೊಂದನ್ನು ಮುಂದಿಟ್ಟು, ಕುರ್ಚಿ ಎಳೆದುಕೊಂಡು ಕೂತಳು.