ಶಿವಬಸಮ್ಮನ ಸ್ವಂತ ಮಾತು

ಮಕ್ತಲ್‌ನಿಂದ ಗದ್ವಾಲದವರೆಗೆ ನನ್ನಂಥ ಮಾತುಗಾರ ಇನ್ನೊಬ್ಬನಿಲ್ಲ. ನಾನು ತೆಲುಗು ಆಡಿದರೆ ಹೋಗುವ ಬಸ್ಸು ನಿಲ್ಲುತ್ತದೆ, ಉರ್ದು ಆಡಿದರೆ ತಹಸೀಲ್ದಾರನೇ ಎದ್ದು ನಿಲ್ಲುತ್ತಾನೆ. ಹಾಗಾಗಿ ನಾರಾಯಣಪೇಟೆ ಜಿಲ್ಲೆಯಾಗಿ ಮೂರು ವರ್ಷಕ್ಕೆ ಸಾಯುವ ರೋಗಿಗಳ ಕೊನೆಯ ಆಸೆ ಬರೆದುಕೊಳ್ಳಲು ಹೈದರಾಬಾದಿನಿಂದ ಬಂದ ಸಮಾಜಶಾಸ್ತ್ರದ ಸ್ರವಂತಿ ಮೇಡಂಗೆ ನಾನೇ ದುಭಾಷಿಯಾದೆ.

"ಡಾಕ್ಟರು ನೋವು ಎಲ್ಲಿ ಅಂತಾರೆ. ಹೇಗೆ ಸಾಯಬೇಕು ಅಂತಿದ್ದೀರಿ ಎಂದು ನಾವು ಕೇಳುತ್ತೇವೆ" ಎಂದರು ಮೇಡಂ ತೆಲುಗಿನಲ್ಲಿ. ಅವರ ಪ್ರಶ್ನೆಗಳ ಹಾಳೆಯ ಕೊನೆಗೆ ಖಾಲಿ ಜಾಗ: ರೋಗಿಯ ಸ್ವಂತ ಮಾತು.

ನಮ್ಮ ಪಕ್ಕದ ಮನೆಯ ಶಿವಬಸಮ್ಮನಿಗೆ ಹೊಟ್ಟೆಯಲ್ಲಿ ಕ್ಯಾನ್ಸರ್. ಐವತ್ತು ವರ್ಷ ಸೀರೆ ನೇಯ್ದವಳು, ಕನ್ನಡ ಬಿಟ್ಟು ಬೇರೆ ಬಾರದವಳು, ತನ್ನ ಮಗ್ಗದ ಪಕ್ಕದಲ್ಲೇ ಮಲಗಿದ್ದಳು.

"ನಾ ಎಲ್ಲಿಗೂ ಹೋಗಾಕಿಲ್ಲೋ ವೀರಯ್ಯ. ಉಸುರು ಹೋದ ಕೂಡ್ಲೇ ಗ್ವಾಡಿಗೆ ಆನಿಸಿ ಕೂಡಸ್ರಿ. ಮೈ ಸೆಟದ್ರ ಮತ್ತ ಕಾಲು ಮಡಚಾಕ ಬರಂಗಿಲ್ಲ. ಅಷ್ಟ ಹೇಳು ಆಕಿಗೆ."

ನಮ್ಮಲ್ಲಿ ಸತ್ತವರನ್ನು ಕೂಡಿಸಿ, ಅಂಗೈಯಲ್ಲಿ ಲಿಂಗವಿಟ್ಟೇ ಮಣ್ಣು ಮಾಡುವುದು. ಆದರೆ ಇಷ್ಟು ಚಿಕ್ಕ ಮಾತನ್ನು ನನ್ನಂಥವನು ಹೇಳುವುದೇ? ತೆಲುಗಿನಲ್ಲಿ ಸುರಿದೆ: "ನಾರಾಯಣಪೇಟೆಯ ನೇಕಾರ್ತಿ ನಾನು, ಮಹಾರಾಣಿಯ ಹಾಗೆ ದೊಡ್ಡ ದವಾಖಾನೆಯ ತಣ್ಣನೆ ಕೋಣೆಯಲ್ಲೇ ಪ್ರಾಣ ಬಿಡ್ತೀನಿ ಅಂತಾಳೆ!"

ಮೇಡಂ ಕಣ್ಣೊರೆಸಿಕೊಂಡು ಬರೆದುಕೊಂಡರು. ಸುಮ್ಮನೆ ಬರೆದುಕೊಂಡು ಹೋಗುವವರಲ್ಲ ಅವರು. ವಾರದಲ್ಲಿ ಅವಳನ್ನು ದೊಡ್ಡ ದವಾಖಾನೆಗೆ ಒಯ್ಯಲು ಹೈದರಾಬಾದಿನಿಂದ ಗಾಡಿ ತರಿಸಿದರು. ಅವಳ ಮಗ ಕಾಂತೇಶ ಗದ್ವಾಲದಲ್ಲಿ ನೇಯುತ್ತಿದ್ದ. "ಅವ್ವನೇ ಹಂಗ ಕೇಳ್ಯಾಳಂದ್ರ ನಾ ಏನನ್ನಲಿ?" ಎಂದ ಫೋನಿನಲ್ಲಿ.

ಮಗ ಒಪ್ಪಿದನೆಂದು ತಾನೂ ಒಪ್ಪಿದ ಮುದುಕಿ, ಗಾಡಿಗೆ ಹತ್ತಿಸುವಾಗ ನನ್ನ ಕೈ ಹಿಡಿದಳು. "ಅಲ್ಲಿ ಕೂಡಸ್ತಾರೇನೋ?"

"ಕುರ್ಚಿ ಮ್ಯಾಲ ಕೂಡಸ್ತಾರ, ಚಿಂತಿ ಬಿಡಬೇ!"

ಆಗಲೂ ನಿಜ ಹೇಳಬಹುದಿತ್ತು. ಹೇಳಿದರೆ ನನ್ನ ತೆಲುಗಿನ ಮರ್ಯಾದೆ ಏನಾಗಬೇಕು?

ನಾಲ್ಕನೇ ದಿನ ಹೆಣ ಬಂತು, ಬಿಳಿ ಬಟ್ಟೆಯಲ್ಲಿ ಅಚ್ಚುಕಟ್ಟಾಗಿ, ಹಲಗೆಯಂತೆ ನೆಟ್ಟಗೆ. ನಾಲ್ವರು ಮೊಣಕಾಲು ಅದುಮಿದರು. ಒಳಗೆ ಏನೋ ಲಟಕ್ಕೆಂದಿತು.

"ಬಿಡ್ರೋ! ಸಾಕು ಬಿಡ್ರಿ!" ಕಾಂತೇಶ ಕೂಗಿದ.

ಕೂತವರಿಗೆಂದು ತೋಡಿದ ಕುಣಿಗೆ ಉದ್ದ ಸಾಲಲಿಲ್ಲ. ಎಲ್ಲರೂ ನಿಂತು ನೋಡುತ್ತಿರುವಾಗ ಮತ್ತೆ ಎರಡು ಮೊಳ ತೋಡಿ, ಅವಳನ್ನು ಮಲಗಿಸಿದರು.

"ಅವ್ವ ಹಂಗ ಅಂದಿದ್ದು ಖರೇನಾ, ಕಾಕಾ?" ಕಾಂತೇಶ ಕೇಳಿದ.

ಮೂರು ಭಾಷೆ ಬಲ್ಲ ನಾನು ಹೌದೆಂದು ತಲೆ ಆಡಿಸಿದೆ.

ಮರುವರ್ಷ ಮೇಡಂ ಪುಸ್ತಕ ಕಳಿಸಿದರು. ಮೊದಲ ಪುಟದಲ್ಲೇ ಆ ಮಹಾರಾಣಿಯ ಮಾತು, ಕೆಳಗೆ ಶಿವಬಸಮ್ಮನ ಹೆಸರು. ನಾನಾಡಿದ ಮಾತು ಅಚ್ಚಾಗಿದ್ದು ಅದೊಂದೇ. ಯಾರಿಗೂ ತೋರಿಸಿಲ್ಲ.