ಬಣ್ಣದಕ್ಕನ ಲಿವರಿನ ಮಚ್ಚೆ

ಬಟ್ಟೆಗೆ ಬಣ್ಣ ಹಾಕುವ ಬಣ್ಣದಕ್ಕ ಹೊಟ್ಟೆನೋವೆಂದು ಸ್ಕ್ಯಾನಿಗೆ ಹೋದಳು. "ಲಿವರಿನಲ್ಲಿ ಒಂದು ಮಚ್ಚೆ ಕಾಣ್ತಿದೆ. ಏನೂಂತ ತಿಳಿಯೋಕೆ ಸಿ.ಟಿ. ಸ್ಕ್ಯಾನ್ ಮಾಡಿಸಿ" ಎಂದರು ಡಾಕ್ಟರು. ಅವಳ ಕಿವಿಗೆ ಬಿದ್ದದ್ದು ಮಚ್ಚೆಯೊಂದೇ. ಮಿಕ್ಕದ್ದನ್ನು ಭಯ ನುಂಗಿಹಾಕಿತು.

ಅಂದಿನಿಂದ ನಿದ್ದೆಯಲ್ಲಿ ನಡೆದಂತೆ ಓಡಾಡಿದಳು. ಹಂಡೆಯ ನೀಲಿ ನೀರಿನ ಹಬೆಯಲ್ಲಿ ತನ್ನ ಮುಖ ಕರಗುವುದನ್ನೇ ನೋಡುತ್ತ ನಿಲ್ಲುವಳು. ಒಂದು ದಿನ ಮಗಳನ್ನು ಕರೆದು, ಯಾರಿಗೂ ಬಿಟ್ಟುಕೊಡದ ತನ್ನ ಕಡುನೀಲಿಯ ಹದ ಹೇಳಿಕೊಟ್ಟಳು. ಅಮ್ಮ ಸಾಯಲು ಸಿದ್ಧಳಾಗುತ್ತಿದ್ದಾಳೆಂದು ಮಗಳಿಗೆ ಹೊಳೆಯಿತು. ಸೀದಾ ಸೋದರತ್ತೆಯ ಮನೆಗೆ ಓಡಿದಳು.

ಸೋದರತ್ತೆ ಸ್ಕ್ಯಾನ್ ವಿಭಾಗದ ನರ್ಸು. ಬಂದವಳೇ ಹಂಡೆಯ ಪಕ್ಕ ಕೂತಳು. "ಏನತ್ತಿಗೆ, ಸ್ಕ್ಯಾನಿಗೆ ಹೋಗೋದು ಬಿಟ್ಟು ಆಸ್ತಿ ಹಂಚ್ತಾ ಇದ್ದೀರಂತೆ?"

"ತಮಾಷೆ ಸಾಕು. ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ಇನ್ನೊಂದು ಫೋಟೊ ಯಾಕೆ? ಮೈಯೊಳಗೆ ಬೇರೆ ಬಣ್ಣ ಬಿಡ್ತಾರಂತೆ. ನನ್ನ ಉಗುರು ನೋಡು, ಮದುವೆಯಾದಾಗಿಂದ ನೀಲಿ. ಒಳಗೆ ಹತ್ತಿದ್ರೆ ತೊಳೆಯೋರು ಯಾರು?"

ನಾದಿನಿಗೆ ನಗು ತಡೆಯಲಾಗಲಿಲ್ಲ. "ಅದು ಬಣ್ಣ ಅಲ್ಲ ಅತ್ತಿಗೆ, ಚಿತ್ರದಲ್ಲಿ ಬೆಳ್ಳಗೆ ಕಾಣೋ ಔಷಧಿ. ಆಮೇಲೆ ಮೂತ್ರದಲ್ಲಿ ಹೋಗಿಬಿಡುತ್ತೆ. ಕಿಡ್ನಿ ತೊಂದರೆ, ಅಲರ್ಜಿ ಇದ್ರೆ ಮೊದಲೇ ಹೇಳ್ಬೇಕು. ಮತ್ತೆ, ಕ್ಯಾನ್ಸರ್ ಅಂದೋರು ಯಾರು? ಎಷ್ಟೋ ಮಚ್ಚೆಗಳಿಂದ ಏನೂ ತೊಂದರೆ ಇಲ್ಲ. ರಕ್ತನಾಳದ ಗಂಟು ಅಂತ ಒಂದಿದೆ. ಔಷಧಿ ಮೊದಲು ಅದರ ಅಂಚಿಗೆ ಹತ್ತಿ, ಮೆಲ್ಲಗೆ ಒಳಗಿಳಿದು, ಅಲ್ಲೇ ನಿಲ್ಲುತ್ತೆ. ಕೆಲವು ಕ್ಯಾನ್ಸರ್ ಗಡ್ಡೆ ಗಬಕ್ಕನೆ ಹೀರಿ, ಬೇಗ ಬಿಟ್ಟುಬಿಡುತ್ತೆ. ಅದಕ್ಕೇ ಬಿಟ್ಟು ಬಿಟ್ಟು ಚಿತ್ರ ತೆಗೀತಾರೆ."

ಹಂಡೆ ಕಲಕುತ್ತಿದ್ದ ಬಣ್ಣದಕ್ಕನ ಕೈಯ ಕೋಲು ನಿಂತಿತು. "ಬಟ್ಟೆ ಎಂಥದ್ದು ಅಂತ ನಾನೂ ಹಾಗೇ ಹೇಳೋದು. ಬಣ್ಣ ಹೇಗೆ ಹಿಡೀತು, ಹೇಗೆ ಬಿಡ್ತು ಅಂತ ನೋಡಿ. ಅದ್ದಿದ ಕೂಡಲೇ ಹೇಳೋಕಾಗಲ್ಲ."

"ಮತ್ತೆ ನೀವು ಒಂದೇ ಫೋಟೊಗೆ ಹೇಗೆ ಹೇಳಿದ್ರಿ?"

ಬಣ್ಣದಕ್ಕ ಕೋಲನ್ನು ಮಗಳ ಕೈಗಿತ್ತು ನಾದಿನಿಯ ಜೊತೆ ಸ್ಕ್ಯಾನಿಗೆ ಹೊರಟಳು.

ಯಂತ್ರದ ಬಿಳಿ ಬಳೆಯೊಳಗೆ ಮಲಗಿದಾಗ ಬೆಚ್ಚನೆಯದೇನೋ ಮೈಯೆಲ್ಲ ಹರಿಯಿತು. "ಉಸಿರು ಹಿಡಿಯಿರಿ… ಬಿಡಿ" ಎಂಬ ದನಿ ಎಲ್ಲೋ ದೂರದಿಂದ ಬಂತು. ತಾನೇ ಹಂಡೆಗಿಳಿದ ಬಿಳಿಬಟ್ಟೆಯಾದಂತೆ ಅವಳಿಗನಿಸಿತು. ಭಯವೂ ಇತ್ತು, ಹಾಯೆನಿಸಿದ್ದೂ ನಿಜ.

ಚಿತ್ರಗಳನ್ನು ನೋಡಿದ ಡಾಕ್ಟರು, "ಇದು ರಕ್ತನಾಳದ ಗಂಟು, ಕ್ಯಾನ್ಸರ್ ಅಲ್ಲ. ಹೊಟ್ಟೆನೋವು ಆಸಿಡಿಟಿಯದ್ದು, ಮಾತ್ರೆ ಸಾಕು" ಎಂದರು. ಬಣ್ಣದಕ್ಕ ಅಲ್ಲೇ ಗಳಗಳನೆ ಅತ್ತುಬಿಟ್ಟಳು.

ಮನೆಗೆ ಬಂದವಳೇ ಮಗಳ ಕೈಯಿಂದ ಕೋಲು ಕಿತ್ತುಕೊಂಡಳು. "ಆ ಹದ ಮರೆತುಬಿಡು."

"ಇನ್ನೆಲ್ಲಿ ಮರೆಯೋದಮ್ಮಾ!" ಮಗಳು ಬೆರಳು ಚಾಚಿದಳು. ಅವಳ ಉಗುರೂ ನೀಲಿಯಾಗಿತ್ತು.

ನಿಮ್ಮ ಸ್ಕ್ಯಾನಿನಲ್ಲೂ ಮಚ್ಚೆ ಕಂಡರೆ ನೀವೇ ತೀರ್ಪು ಕೊಟ್ಟುಕೊಂಡು ಮನೆಯಲ್ಲಿ ಕೂರಬೇಡಿ. ಡಾಕ್ಟರು ಹೇಳಿದ ಮುಂದಿನ ಸ್ಕ್ಯಾನ್ ಮಾಡಿಸಿ. ಅದರಲ್ಲೂ ಗೊತ್ತಾಗದಿದ್ದರೆ ಮಚ್ಚೆಯ ಚೂರು ತೆಗೆದು ಪರೀಕ್ಷಿಸಬೇಕಾದೀತು, ಅದಕ್ಕೂ ಹೆದರಬೇಡಿ. ಕೆಟ್ಟದ್ದಲ್ಲವೆಂದು ತಿಳಿದರೆ ಕಣ್ತುಂಬ ನಿದ್ದೆ ಬರುತ್ತದೆ. ಕೆಟ್ಟದ್ದೇ ಆಗಿದ್ದರೆ, ಬೇಗ ಹೋದಷ್ಟೂ ಚಿಕಿತ್ಸೆಗೆ ದಾರಿ ಹೆಚ್ಚು. ಇವತ್ತೇ ಹೊರಡಿ.